ಕೋಲಿನ ಇನ್ನೊಂದು ತುದಿ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ನಶ್ಯ ಏರಿಸಿ ಏರಿಸಿ ಕಂದುಬಣ್ಣಕ್ಕೆ ತಿರುಗಿತ್ತು. ಅದೇ ಬೆರಳಿನಿಂದ ಪತ್ರಿಕೆಯ ಹಾಳೆ ಮಗುಚುತ್ತ, ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಇಡೀ ಬೀದಿಗೆ ಕೇಳುವ ಹಾಗೆ ಓದುತ್ತಿದ್ದರು. ಚಿಂತಾಮಣಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಕ್ಕಪಕ್ಕದ ಗಂಡಸರೆಲ್ಲ ಬಂದು ಕೂರುತ್ತಿದ್ದರು. ಸುದ್ದಿಗಿಂತ ಮಾವನವರ ಟೀಕೆಯೇ ಹೆಚ್ಚಿರುತ್ತಿತ್ತು, ಜನ ಬರುತ್ತಿದ್ದದ್ದೂ ಅದಕ್ಕೇ.

ಐವತ್ತರ ದಶಕದ ಕೊನೆಯಲ್ಲಿ ನನ್ನ ಯಜಮಾನರು ವಿಷಮಜ್ವರದಿಂದ ತೀರಿಕೊಂಡರು. ಮಾವನವರಿಗೆ ಅವರೊಬ್ಬರೇ ಮಗ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ವರ್ಷ ತುಂಬುವವರೆಗೆ ಹೊಸಲು ದಾಟುವಂತಿಲ್ಲ ಎಂಬುದು ನಮ್ಮಲ್ಲಿ ಕಟ್ಟಳೆ. ಆಮೇಲೂ ಕಾರಣವಿಲ್ಲದೆ ಬೀದಿಗೆ ಬಂದರೆ ಜನ ಆಡಿಕೊಳ್ಳುತ್ತಿದ್ದರು. ವರ್ಷ ಕಳೆದರೂ ನಾನು ಅಡುಗೆಮನೆಯ ಮೂಲೆ ಬಿಟ್ಟೇಳಲಿಲ್ಲ. ಊಟ ಸೇರುತ್ತಿರಲಿಲ್ಲ. ಸತ್ತರೆ ಸಾಕು ಅನ್ನಿಸುತ್ತಿತ್ತು.

ಆಗಲೇ ಮಾವನವರಿಗೆ ಕಣ್ಣು ಮಂಜಾಯಿತು. ಮಗನ ಕೊರಗಿನಲ್ಲೇ ಹೀಗಾಯಿತು ಅಂದರು ಜನ. ಪತ್ರಿಕೆ ಓದುವುದು ನಿಂತಿತು. ಸಂಜೆ ಊರಾಚೆಯ ಗುಂಡುತೋಪಿಗೆ ಮಾತ್ರ ಹೋಗದೆ ಇರಲಾರೆ, ಒಬ್ಬನೇ ಹೋದರೆ ಎಲ್ಲಾದರೂ ಬೀಳುತ್ತೇನೆ, ಸೊಸೆ ಕರೆದುಕೊಂಡು ಹೋಗಲಿ ಎಂದು ಹಟ ಹಿಡಿದರು. ಸಿಟ್ಟು ಬಂದರೆ ತೆಲುಗಿಗೆ ತಿರುಗುವ ನಮ್ಮತ್ತೆ ಒಂದಿಷ್ಟು ತೆಲುಗು ಆಡಿ ಸುಮ್ಮನಾದರು. ಕಣ್ಣಿಲ್ಲದ ಮಾವನಿಗೆ ದಾರಿ ತೋರಿಸುವ ಸೊಸೆಯನ್ನು ಬೀದಿಯವರೂ ಏನೂ ಅನ್ನುವಂತಿರಲಿಲ್ಲ.

ಮಾವ ಸೊಸೆಯ ಕೈ ಹಿಡಿಯುವಂತಿಲ್ಲವಲ್ಲ, ಹಾಗಾಗಿ ಕೋಲಿನ ಒಂದು ತುದಿ ಅವರಿಗೆ, ಇನ್ನೊಂದು ನನಗೆ. ತೋಪು ಯಾರಪ್ಪನ ಸ್ವತ್ತೂ ಅಲ್ಲ. ಮಾವು, ಹುಣಿಸೆ, ಹೊಂಗೆಯ ನೆರಳು. ಕೈವಾರಕ್ಕೆ ಹೋಗುವ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ ದಣಿವಾರಿಸಿಕೊಳ್ಳುತ್ತಿದ್ದರು. ನಾವು ಅವಸರವಿಲ್ಲದೆ ಒಂದು ಸುತ್ತು ಬರುತ್ತಿದ್ದೆವು. ಮನೆಯಲ್ಲಿ ಬಾರದ ಅಳು ನನಗೆ ಅಲ್ಲಿ ಬರುತ್ತಿತ್ತು. ಹಿಂದೆ ಬರುತ್ತಿದ್ದ ಮಾವನವರು ಆಗ ನಶ್ಯದ ಡಬ್ಬಿ ತೆಗೆದು, ನಾನು ಕಣ್ಣೊರೆಸಿಕೊಳ್ಳುವವರೆಗೂ ಅದರ ಜೊತೆ ಹೆಣಗುತ್ತ ನಿಂತಿರುತ್ತಿದ್ದರು.

ಒಂದು ಸಂಜೆ ಅವರು ಕೋಲನ್ನು ಬಲವಾಗಿ ಜಗ್ಗಿದರು. ನನ್ನ ಕಾಲ ಮುಂದೆಯೇ, ತರಗೆಲೆಗಳ ಬಣ್ಣದಲ್ಲಿ ಕಲೆತು, ಕೊಳಕುಮಂಡಲದ ಹಾವು ಸುತ್ತಿಕೊಂಡು ಮಲಗಿತ್ತು. ನನಗೆ ಕಾಣದ್ದು ಅವರಿಗೆ ಕಂಡಿತ್ತು. ತಿರುಗಿ ಅವರ ಮುಖ ನೋಡಿದೆ.

“ಮನೇಲಿ ಹೇಳ್ಬೇಡಮ್ಮ,” ಅಂದರು. “ನಿನ್ನ ಆಚೆ ಕರ್ಕೊಂಡು ಬರೋಕೆ ನಂಗೆ ಬೇರೆ ದಾರಿ ಹೊಳೀಲಿಲ್ಲ.”

ಹಾಗಾದರೆ ಪತ್ರಿಕೆ ಎಂದು ಕೇಳಿದೆ. ಓದಿ ಓದಿ ಸಾಕಾಗಿದೆ ಎಂದರು. ಅದೂ ಸುಳ್ಳು. ಎದುರುಮನೆಯವರು ಜಗಲಿಗೆ ಬಂದು ತಪ್ಪುತಪ್ಪಾಗಿ ಓದಿ ಹೇಳುವಾಗ, ಇವರ ಹೆಬ್ಬೆರಳು ತೊಡೆಯ ಮೇಲೆ ಹಾಳೆ ಮಗುಚುವ ಹಾಗೆ ಆಡುತ್ತಿತ್ತು. ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಹೆತ್ತ ಅಪ್ಪನೂ ನನಗಾಗಿ ಇಷ್ಟು ಬಿಟ್ಟುಕೊಟ್ಟಿರಲಿಲ್ಲ. ಕೊನೆಯವರೆಗೂ ಅವರು ಮತ್ತೆ ಪತ್ರಿಕೆ ಮುಟ್ಟಲಿಲ್ಲ.

ಅವರು ಹೋದ ಮೇಲೆ ಅತ್ತೆಯೂ ನಾನೂ ಒಳಗೇ ಉಳಿದೆವು. ನನ್ನನ್ನು ತೋಪಿಗೆ ಕರೆದೊಯ್ಯುವ ಕುರುಡರು ಇನ್ನು ಯಾರೂ ಇರಲಿಲ್ಲ. ಕೋಲು ಬಾಗಿಲ ಹಿಂದೆ ಧೂಳು ಹಿಡಿಯಿತು. ಮಾವನವರ ವರ್ಷಾಬ್ದಿಕ ಮುಗಿದ ಮಾರನೆಯ ದಿನ, ಬೆಳಿಗ್ಗೆ ಮೊರದ ಅಕ್ಕಿಯಲ್ಲಿ ಒಂದು ಕಲ್ಲೂ ಬಿಡದೆ ಆರಿಸಿದ್ದ ಅತ್ತೆ, ಸಂಜೆ ಆ ಕೋಲನ್ನು ಸೆರಗಿನಿಂದ ಒರೆಸಿ ಒಂದು ತುದಿಯನ್ನು ನನ್ನ ಕಡೆ ಚಾಚಿದರು.

“ನಂಗೂ ಕಣ್ಣು ಮಂಜಾಗ್ತಾ ಇದೆ ಕಣಮ್ಮ,” ಅಂದರು. “ತೋಪಿನ ತನಕ ಕರ್ಕೊಂಡು ಹೋಗು.”