ಸತ್ತವರ ಹಬ್ಬ ಮತ್ತು ಮನೆಯ ಒಡತಿ

ಹಗಲು ಗಿಡ್ಡವಾಗಿ ಸತ್ತವರ ಹಬ್ಬಗಳು ಹತ್ತಿರ ಬಂದವೆಂದರೆ ಮನೆಯ ಒಡತಿಯ ಕಣ್ಣು ಕಿರಿದಾಗುತ್ತದೆ. ಕೋಣೆಗೆ ಒಬ್ಬರೇ ಎಂಬುದು ಆಕೆಯ ಕಟ್ಟಳೆ. ನಾನಾ ದೇಶಗಳಿಂದ ಬಂದ ಬಾಡಿಗೆದಾರರೋ, ತಂತಮ್ಮ ಪದ್ಧತಿಯಂತೆ ಸತ್ತ ಬಂಧುಗಳನ್ನೆಲ್ಲ ಒಳಗೆ ಕರೆಯುತ್ತಾರೆ. ಆಕೆ ಬಾಗಿಲುಗಳ ಹೊರಗಿನ ಚಪ್ಪಲಿಗಳನ್ನು ದಿನಕ್ಕೆರಡು ಸಲ ಎಣಿಸುತ್ತಾಳೆ. ಸತ್ತವರು ಬರಿಗಾಲಲ್ಲಿ ಬರುತ್ತಾರೆಂದು ಯಾರೋ ಅಂದ ಮೇಲೆ ಆ ಎಣಿಕೆಯಲ್ಲೂ ನಂಬಿಕೆ ಹೋಗಿದೆ. ಮೊದಲ ಕೋಣೆಯ ಬೇಕರಿಯವನು ಕುಂಬಳಕಾಯಿ ಕೊರೆದು ದೀಪವಿಟ್ಟರೆ, "ಇದು ಯಾರಿಗೆ ಸನ್ನೆ?" ಎಂದು ಹೊಸ್ತಿಲಲ್ಲೇ ನಿಲ್ಲುತ್ತಾಳೆ. ದೆವ್ವಗಳು ತನ್ನನ್ನು ತಮ್ಮವನೆಂದುಕೊಳ್ಳಲಿ ಎಂದು ಅವನು ಮುಖವಾಡ ತೊಟ್ಟರೆ, "ಅವಕ್ಕೆ ಹೇಗಾದ್ರೂ ಇರಲಿ, ನನಗೆ ಗುರುತು ಹತ್ತಬೇಕು, ತೆಗಿ" ಎನ್ನುತ್ತಾಳೆ. ಪಕ್ಕದ ಕೋಣೆಯ ನರ್ಸಮ್ಮ ತನ್ನ ಅಜ್ಜಿಯ ಫೋಟೋದ ಮುಂದೆ ಹೂವು, ಬ್ರೆಡ್ಡು ಇಟ್ಟರೆ, "ಎಷ್ಟು ದಿನ ಇರ್ತಾರೆ? ಒಬ್ಬರೇನಾ, ತಾತನೂ ಜೊತೆಗಾ?" ಎಂಬ ವಿಚಾರಣೆ. ಕೊನೆಯ ಕೋಣೆಯ ದರ್ಜಿ ಮಾತ್ರ, ಬಂದ ಹಿರಿಯರನ್ನು ಹೊಳೆಯಲ್ಲಿ ಕಾಗದದ ದೀಪ ತೇಲಿಸಿ ಬೀಳ್ಕೊಡುವವನು. "ಕರೆಸಿದವರನ್ನ ವಾಪಸ್ ಕಳಿಸೋ ಮರ್ಯಾದಸ್ಥರು ನೀವೊಬ್ಬರೇ" ಎಂದು ಅವನಿಗೆ ಆಕೆಯ ಪ್ರಮಾಣಪತ್ರ ಸಿಕ್ಕಿದೆ. ಈ ಸಲ ಅವನನ್ನೂ ಬಿಡಲಿಲ್ಲ. "ನೀವು ಇಲ್ಲಿಗೆ ಬಂದು ಎರಡೇ ವರ್ಷ. ನಿಮ್ಮ ತಾಯಿ ಈ ಮನೆ ನೋಡೇ ಇಲ್ಲ. ದಾರಿ ಹೇಗೆ ಗೊತ್ತಾಗುತ್ತೆ?" "ಹೇಗೋ ಬರ್ತಾರಮ್ಮ" ಎಂದ ದರ್ಜಿ. "ಹೇಗೋ ಅಂದ್ರೆ? ದೊಡ್ಡವರು ಕೇಳಿಕೊಂಡಾದ್ರೂ ಬರಬಹುದು." ಅದೇ ಗದರುವ ದನಿಯಲ್ಲಿ ಆಕೆ ಕೇಳಿದಳು: "ನಾಲ್ಕು ವರ್ಷದ ಮಗು? ಅದು ತೀರಿಹೋದ ಮೇಲೆ ನಾನು ಆ ಹಳೇ ಮನೆ ಬಿಟ್ಟು ಇಲ್ಲಿಗೆ ಬಂದೆ. ಅದಕ್ಕೆ ದಾರಿ ಯಾರು ಹೇಳಿರ್ತಾರೆ?"