ಪೊದೆ, ಕಂಟಿ ಮತ್ತು ಶೆಟ್ಟರ ಕೈ

ಪೊದೆಗೂ ಕಂಟಿಗೂ ವ್ಯತ್ಯಾಸವೇನು ಎಂಬ ಗಹನವಾದ ಪ್ರಶ್ನೆ ಈ ವಯಸ್ಸಿನಲ್ಲಿ ನನ್ನ ನಿದ್ದೆ ಕೆಡಿಸೀತೆಂದು ನಾನು ಎಣಿಸಿರಲಿಲ್ಲ. ನಿಘಂಟು ತೆಗೆದೆ. ಪೊದೆ ಎಂದರೆ ಕಂಟಿ ಎಂದಿತ್ತು. ಕಂಟಿಯನ್ನು ಹುಡುಕಿದರೆ ಪೊದೆ ಎಂದಿತ್ತು. ಹೀಗೆ ಒಬ್ಬರ ವಿಳಾಸ ಕೇಳಿದರೆ ಪಕ್ಕದವರ ಬಾಗಿಲು ತೋರಿಸುವುದು ಪುಣೆಯ ಓಣಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ವಿಚಾರ ಇಷ್ಟೆ. ಪುಣೆಯ ಖಡಕಿ ಬಡಾವಣೆಯ ನಮ್ಮ ಮನೆಯ ಹಿಂದೆ, ಕಾಂಪೌಂಡಿಗೆ ಒತ್ತಿಕೊಂಡು, ನನ್ನ ಹೆಂಡತಿ ಶಾಂತಾ ನೆಟ್ಟ ದಾಸವಾಳ, ನಂದಿಬಟ್ಟಲು ಇವೆ. ಕರೆಯದೆ ಬಂದ ಕಾಗದದ ಹೂವಿನ ಮುಳ್ಳುಬಳ್ಳಿಯೂ ಇದೆ. ಅವಳು ತೀರಿಕೊಂಡ ಮೇಲೆ ಕತ್ತರಿ ಹಿಡಿಯುವವರಿಲ್ಲದೆ ಮೂರೂ ಅವಿಭಕ್ತ ಕುಟುಂಬವಾಗಿವೆ. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಶೆಟ್ಟರು ಉಡುಪಿ ಕಡೆಯವರು, ಶಿವಾಜಿನಗರದಲ್ಲಿ ಹೋಟೆಲು. ಬಂದು ನೋಡಿ, "ನಿಮ್ಮ ಧಾರವಾಡದ ಕಡೆ ಕಂಟಿ ಅಂತಾರಲ್ಲ, ಇದು ಅದೇ ಮಾರಾಯ್ರೆ. ಹಾವು ಬರ್ತದೆ. ಆದಿತ್ಯವಾರ ಕಡಿಸಿಬಿಡುವ" ಎಂದರು.

"ಪೊದಿ ಅನ್ರಿ" ಎಂದೆ.

"ಎರಡೂ ಒಂದೇ ಅಲ್ವಾ?"

ಶಾಂತಾ ಇದನ್ನು ಎಂದೋ ಇತ್ಯರ್ಥ ಮಾಡಿದ್ದಳು. "ಕೈ ಹಾಕಿದಾಗ ಹೂ ಬಂದ್ರ ಪೊದಿ, ಗೀರು ಬಿದ್ರ ಕಂಟಿ. ಇಷ್ಟಕ್ಕ ಪುಸ್ತಕ ಯಾಕ ಬೇಕ್ರಿ ನಿಮಗ?" ಬೆಳಗಿನ ಜಾವ ಪ್ಲಾಸ್ಟಿಕ್ ಚೀಲ ಹಿಡಿದು, ಪರರ ಗಿಡದ ಹೂವಿನಿಂದ ಸ್ವಂತ ದೇವರನ್ನು ಪೂಜಿಸುವ ಮರ್ಯಾದಸ್ಥರು ಈ ಊರಿನಲ್ಲಿ ಹೇರಳ. ನಾನು ಸಿಡುಕಿದರೆ ಅವಳು, "ಒಯ್ಯಲಿ ಬಿಡ್ರಿ. ನಮ್ಮ ಹೂ ಭಾಳ ಚಲೋ ಅದಾವ ಅಂತ ಅರ್ಥ" ಎನ್ನುತ್ತಿದ್ದಳು.

ಶನಿವಾರ ನಸುಕಿನಲ್ಲಿ ಹಿತ್ತಲಲ್ಲಿ ಸರಸರ ಸದ್ದು. ಹಾವು ಬಂದೇಬಿಟ್ಟಿತೆಂದು ಕೋಲು ಹಿಡಿದು ಹೋದೆ. ಗೋಡೆಯಾಚೆಯಿಂದ ಮೊಣಕೈವರೆಗೆ ಒಳಗೆ ಇಳಿದಿದ್ದ ಕೈ ಶೆಟ್ಟರದು; ತೋಳು ಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿದೆ.

"ಹೋಟೆಲಿನ ಗಣಪತಿಗೆ" ಎಂದರು. ಚುಚ್ಚಿದ ಮುಳ್ಳು ಕೀಳುತ್ತ, "ನಿಮ್ಮ ಮನೆಯವರಿಗೆ ಗೊತ್ತಿತ್ತು. ಕೆಂಪು ಹೂ ಒಳಗ ಅದಾವ, ಬಗ್ಗಿ ನೋಡ್ರಿ ಅಂತ ಕಿಟಕಿಯಿಂದ ಅವರೇ ಹೇಳ್ತಿದ್ರು" ಎಂದರು.

ಅವಳ ದನಿಯನ್ನೇ ಉಡುಪಿಯ ಬಾಯಲ್ಲಿ ಕೇಳಿದಂತಾಯಿತು. "ನಾಳೆ ಕಡಿಸಿದ ಮೇಲೆ ಗಣಪತಿ ಏನ್ ಮಾಡ್ತಾನ್ರಿ?" ಎಂದಷ್ಟೇ ಕೇಳಿದೆ.

ಶೆಟ್ಟರು ಗಿಡಗಳನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಬಳ್ಳಿ ಒಂದು ತೆಗೆದರೆ ಸಾಕು ಅಲ್ವಾ?"

"ಅದನ್ನೂ ಪೂರ್ತಿ ತೆಗೀಬ್ಯಾಡ್ರಿ" ಎಂದೆ.

ಅವರ ಅಂಗೈಯಲ್ಲಿ ಕೆಂಪು ದಾಸವಾಳವಿತ್ತು, ಮಣಿಕಟ್ಟಿನ ಮೇಲೆ ಉದ್ದನೆಯ ಗೀರೂ ಇತ್ತು. ಎರಡೂ ಒಟ್ಟಿಗೆ ಬಂದರೆ ಏನೆನ್ನಬೇಕೆಂದು ಶಾಂತಾ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ; ನಾವಿಬ್ಬರೂ ಅದನ್ನು ಸಂಸಾರ ಎಂದೇ ಕರೆಯುತ್ತಿದ್ದೆವು.