ದನಿ ಕೊಟ್ಟು ಬರುತ್ತಿದ್ದ ತಾಯಮ್ಮ

ತಾಯಮ್ಮ ಬರುವ ಮೊದಲು ಅವರ ದನಿ ಬರುತ್ತಿತ್ತು. ಬ್ಯಾಂಕಿಗೆ ಹೋಗಲಿ, ಬಸ್ಸು ಹತ್ತಲಿ, ಮದುವೆ ಮನೆಗೆ ಕಾಲಿಡಲಿ, ಹತ್ತು ಮಾರು ದೂರದಿಂದಲೇ “ಬತ್ತಾ ಇವ್ನಿ ಕಣವ್ವ, ನಾನೇಯ” ಎಂದು ಹೇಳಿಕೊಂಡೇ ಬರುವವರು. ಗೊತ್ತಿಲ್ಲದವರು ಯಾರಿಗೆ ಹೇಳುತ್ತಿದ್ದಾರೆ ಎಂದು ಹಿಂದೆ ಮುಂದೆ ನೋಡುತ್ತಿದ್ದರು. ಒಮ್ಮೆ ಬ್ಯಾಂಕಿನ ಮ್ಯಾನೇಜರರು ಯಾರೋ ದೊಡ್ಡವರು ಬಂದರೆಂದು ಎದ್ದೇ ನಿಂತಿದ್ದರಂತೆ. ಅದು ಕುರುಡು ಕುದುರೆ ಸಾಕಿ ಬಂದ ಅಭ್ಯಾಸ. ಕಣ್ಣಿಲ್ಲದ ಪ್ರಾಣಿಯ ಹತ್ತಿರ ಸದ್ದಿಲ್ಲದೆ ಹೋದರೆ ಬೆದರುತ್ತದೆ, ಅದಕ್ಕೇ ದನಿ ಕೊಟ್ಟು ಹೋಗಬೇಕು. ಕುದುರೆಗೆ ಮಾಡಿದ್ದು ಮನುಷ್ಯರಿಗೂ ಬಂದುಬಿಟ್ಟಿತ್ತು.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೊರಟರೆ, ಊರು ದಾಟಿದ ಸ್ವಲ್ಪ ದೂರಕ್ಕೆ ನಾಲೆಯ ಪಕ್ಕ ಅವರ ತೆಂಗಿನ ತೋಟ. ಅಲ್ಲಿ ಯಾರಿಗೂ ಬೇಡವಾದ ಕುದುರೆಗಳಿದ್ದವು. ಜಟಕಾ ಎಳೆದು ಸೋತವು, ರೇಸಿನಲ್ಲಿ ಓಡಿ ಕಾಲು ಊನವಾದದ್ದು, ಯಾರೋ ಶೋಕಿಗೆ ತಂದು ಆಮೇಲೆ ಹುಲ್ಲು ಹಾಕಲಾಗದೆ ರಸ್ತೆಗೆ ಬಿಟ್ಟದ್ದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಳು ಸಿದ್ದಯ್ಯನನ್ನು ಇಟ್ಟುಕೊಂಡು ತಾಯಮ್ಮ ಅಷ್ಟನ್ನೂ ನೋಡಿಕೊಳ್ಳುತ್ತಿದ್ದರು. ನಾನು ಊರಿನಲ್ಲಿ ವಿಶೇಷ ಮಕ್ಕಳ ಶಾಲೆಯೊಂದರ ಟೀಚರಮ್ಮ. ಕುದುರೆಗಳ ಜೊತೆ ಹೊತ್ತು ಕಳೆದರೆ ನಮ್ಮ ಮಕ್ಕಳ ಮನಸ್ಸು ತಹಬಂದಿಗೆ ಬರುತ್ತದೆಂದು ಹಾಸನದ ಡಾಕ್ಟರೊಬ್ಬರು ಹೇಳಿದ್ದರಿಂದ, ಪ್ರತಿ ಶನಿವಾರ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅದನ್ನು ಚಿಕಿತ್ಸೆ ಎಂದರೆ ತಾಯಮ್ಮನವರಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳು ನೆಂಟರ ಮನೆಗೆ ಬಂದಿವೆ ಅನ್ನು, ಸಾಕು ಎನ್ನುತ್ತಿದ್ದರು.

ಮೊದಲ ಸಲ ಹೋದಾಗ ಮಕ್ಕಳಿಗೆಲ್ಲ ಗೇಟಿನ ಬಳಿಯೇ ಚಪ್ಪಲಿ ಬಿಡಿಸಿದ್ದೆ. ಗೇಟಿನ ಪಕ್ಕ ಗೋಡೆಯ ಮೇಲೆ ಸಾಲಾಗಿ ಲಾಳಗಳನ್ನು ನೇತುಹಾಕಿದ್ದರು, ಕೆಳಗೆ ಅರಿಸಿನ ಬಿದ್ದಿತ್ತು. ನಾನು ದೇವರ ಜಾಗವೇನೋ ಅಂದುಕೊಂಡೆ. ತಾಯಮ್ಮ ಓಡಿ ಬಂದು ಬೈದರು.

“ಇಲ್ಲಿ ಕುದ್ರೆ ಚಪ್ಲಿ ಬುಡಬೇಕು, ಮನ್ಸ ಆಕ್ಕೋಬೇಕು. ಮೆಟ್ಟುದ್ರೆ ಬೆಳ್ಳು ಅಪ್ಪಚ್ಚಿ.”

ಹೊಸ ಕುದುರೆ ಬಂದ ದಿನವೇ ಅದರ ಲಾಳ ಕೀಳಿಸಿ ಆ ಗೋಡೆಗೆ ನೇತುಹಾಕುವುದು ಅವರ ಪದ್ಧತಿ. ಮನೆಗೆ ಬಂದವರು ಚಪ್ಪಲಿ ಹೊರಗೆ ಬಿಡುತ್ತಾರಲ್ಲ, ಹಾಗೆ. ಅರಿಸಿನ ಗೊರಸಿನ ಗಾಯಕ್ಕೆ ಹಚ್ಚಿ ಉಳಿದದ್ದು. ಬಾಗಿಲಿಗೆ ಹೊಡೆದುಕೊಂಡರೆ ಒಳ್ಳೆಯದಾಗುತ್ತದೆಂದು ಎಷ್ಟೋ ಜನ ಆ ಲಾಳ ಕೇಳಿದರು. ಒಬ್ಬರಿಗೂ ಕೊಡಲಿಲ್ಲ. ಕುದುರೆ ಪಟ್ಟ ಪಾಡನ್ನು ತಗೊಂಡು ಹೋಗಿ ಬಾಗಿಲಿಗೆ ಯಾಕೆ ಹೊಡಕೊಳ್ಳುತ್ತೀರಿ ಎಂದು ಕೇಳಿ ಕಳಿಸುತ್ತಿದ್ದರು. ಕುದುರೆ ಹತ್ತಲಿಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ಊರಿನ ಮುಖಂಡರೊಬ್ಬರು ಫೋಟೋಗ್ರಾಫರನ್ನೂ ಹಿಂದಿಟ್ಟುಕೊಂಡು ಬಂದು, ಒಂದೇ ಒಂದು ಸಲ ಕೂರುತ್ತೇನೆ ಎಂದರು. “ಇವೆಲ್ಲ ರಿಟೇರ್ಡ್ ಆಗವೆ ಸಾ” ಎಂದು ತಾಯಮ್ಮ ಕೈಮುಗಿದು, ಎಳನೀರು ಕೊಟ್ಟು ಕಳಿಸಿದರು.

ಈ ಕುದುರೆಗಳಿಗೆಲ್ಲ ಮೊದಲು ಬಂದವಳು ಮಲ್ಲಿಗೆ. ಚನ್ನರಾಯಪಟ್ಟಣದ ಛತ್ರದಲ್ಲಿ ತಾಯಮ್ಮನವರ ತಮ್ಮನ ಮಗಳ ಮದುವೆ. ವರನ ಮೆರವಣಿಗೆಗೆಂದು ಬಾಡಿಗೆಗೆ ತರಿಸಿದ ಬಿಳಿ ಕುದುರೆ ಅದು. ಬ್ಯಾಂಡಿನವರು, ಕುಣಿಯುವವರು, ಕೂಗಾಡುವವರ ನಡುವೆ ಯಾರೋ ಹಚ್ಚಿದ ಪಟಾಕಿ ಅದರ ಮುಖದ ಹತ್ತಿರವೇ ಸಿಡಿಯಿತು. ಮದುವೆಯೇನೋ ಸಾಂಗವಾಗಿ ಮುಗಿಯಿತು. ಎರಡೂ ಕಣ್ಣು ಹೋದ ಕುದುರೆಯನ್ನು ಅದರ ಮಾಲೀಕ ಛತ್ರದ ಹಿಂದೆ ಕಟ್ಟಿ ಹೋಗಿಬಿಟ್ಟ. ತಾಯಮ್ಮ ಅದನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ತೋಟಕ್ಕೆ ಬಂದರು. ಯಾಕಮ್ಮಾ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ನಮ್ಮನೆ ಎಣ್ಣ ಕಳಿಸ್ಕೊಟ್ವಿ, ಇವ್ಳು ಬಂದ್ಲು. ಬಂದ ಎಣ್ಣ ಬೀದೀಲಿ ಬುಟ್ಟಾರ?”

ಮಲ್ಲಿಗೆಗೆ ಗಂಡಸರ ದನಿ ಕೇಳಿದರೆ ಮೈ ನಡುಗುತ್ತಿತ್ತು. ಸಿದ್ದಯ್ಯ ಅಷ್ಟು ಒಳ್ಳೆಯವನಾದರೂ ಹತ್ತಿರ ಸೇರಿಸುತ್ತಿರಲಿಲ್ಲ. ನೆನೆಸಿದ ಹುರುಳಿಯಾಗಲಿ, ಹಸಿಹುಲ್ಲಾಗಲಿ, ತಾಯಮ್ಮನವರ ಕೈಯಿಂದಲೇ ಆಗಬೇಕು. ಆದರೆ ಮಕ್ಕಳೆಂದರೆ ಸುಮ್ಮನೆ ನಿಲ್ಲುತ್ತಿದ್ದಳು. ನಮ್ಮ ಶಾಲೆಯ ದೀಪಾ ಯಾರನ್ನೂ ಮುಟ್ಟಗೊಡದ ಹುಡುಗಿ, ಹೆತ್ತ ತಾಯಿ ಕೈ ಹಿಡಿದರೂ ಕಿರುಚುವವಳು. ಕುದುರೆಯನ್ನು ಸವರು ಎಂದು ನಾನು ಪುಸಲಾಯಿಸುತ್ತಿದ್ದರೆ ತಾಯಮ್ಮ ನನ್ನನ್ನು ಆಚೆ ಕಳಿಸಿ, ಮುಟ್ಟಬೇಡ ಮಗಾ, ಬರೀ ಅಂಗೈ ಚಾಚಿಕೊಂಡಿರು ಎಂದರು. ಮಲ್ಲಿಗೆ ಆ ಅಂಗೈ ಮೇಲೆ ಬೆಚ್ಚಗೆ ಉಸಿರು ಬಿಟ್ಟಳು. ದೀಪಾ ಕೈ ಹಿಂದಕ್ಕೆ ತೆಗೆಯಲಿಲ್ಲ. ಪವಾಡವೇನೂ ಆಗಲಿಲ್ಲ, ಅವಳು ಇವತ್ತಿಗೂ ಕಿರುಚುತ್ತಾಳೆ. ಆದರೆ ಎಷ್ಟೋ ವಾರಗಳಾದ ಮೇಲೆ ಒಂದು ದಿನ ಶಾಲೆಯ ಬಾಗಿಲಲ್ಲಿ ಅಮ್ಮನ ಎದುರು ನಿಂತು ಹಾಗೆಯೇ ಅಂಗೈ ಚಾಚಿದಳು. ಆ ತಾಯಿ ಬಗ್ಗಿ ಮಗಳ ಕೈ ಮೇಲೆ ಉಸಿರು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಳೆದ ವರ್ಷ ತಾಯಮ್ಮನವರಿಗೆ ಕೆಮ್ಮು ಹಿಡಿಯಿತು. ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದರು. ಶ್ವಾಸಕೋಶದಲ್ಲಿ ಗಡ್ಡೆ, ವಾಸಿಯಾಗುವ ಹಂತ ದಾಟಿದೆ ಎಂದು ಅಲ್ಲಿ ಹೇಳಿ ಕಳಿಸಿದ್ದರು. ವಾಪಸು ಬಂದು ನೋಡಿದರೆ ಮಲ್ಲಿಗೆ ನಾಲ್ಕೂ ದಿನ ಏನೂ ಮುಟ್ಟಿರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ತಾಯಮ್ಮ ಹುರುಳಿ ಹಿಡಿದು ಕೂತರು, ಅವಳು ಅವರ ಕೈಯನ್ನೇ ತಿಂದುಬಿಡುವವಳಂತೆ ತಿಂದಳು. ಆ ಸಂಜೆ ನನ್ನನ್ನು ಕರೆಸಿದರು.

“ತ್ವಾಟ ತಮ್ಮ ನೋಡ್ಕೋತಾನೆ, ಮಿಕ್ಕ ಕುದ್ರೆಗಳಿಗೆ ಸಿದ್ದಯ್ಯ ಅವ್ನೆ. ನಾನು ಸಾಯದು ಏನು ದೊಡ್ದಲ್ಲ ಕಣವ್ವ. ನನ್ನಿಂದೆ ಇವ್ಳು ಉಪಾಸ ಬಿದ್ದು ಸಾಯ್ತಾಳೆ, ಅದು ದೊಡ್ದು. ನಾನು ಬದ್ಕಿರಂಗೇಯ ಇವ್ಳು ನನ್ನ ಮರೀಬೇಕು.”

ಮಾರನೆಯ ದಿನದಿಂದ ಹುರುಳಿಯ ಬೋಗುಣಿ ನನ್ನ ಕೈಗೆ ಬಂತು. ಶಾಲೆಗೆ ಮುಂಚೆ ಒಂದು ಸಲ, ಶಾಲೆ ಬಿಟ್ಟ ಮೇಲೆ ಒಂದು ಸಲ. “ಬತ್ತಾ ಇವ್ನಿ ಕಣವ್ವ” ಎಂದು ಅವರಂತೆಯೇ ಹೇಳಿಕೊಂಡು ಹೋದೆ. ಅದು ಬೇಡ, ನಿನ್ನ ಮಾತು ಹೇಳು, ನನ್ನ ಅಣಕಿಸಿದರೆ ನನ್ನನ್ನೇ ಹುಡುಕುತ್ತಾಳೆ ಎಂದರು. ತಾಯಮ್ಮ ಮಾತ್ರ ಮಲ್ಲಿಗೆಯ ಕಡೆ ಹೆಜ್ಜೆ ಇಡಲಿಲ್ಲ. ಎಲೆ ಅಡಿಕೆ ಬಿಟ್ಟರು, ಆ ವಾಸನೆ ಅವಳಿಗೆ ಗೊತ್ತೆಂದು. ಗಾಳಿ ಯಾವ ಕಡೆಗೆ ಬೀಸುತ್ತದೆಂದು ನೋಡಿ, ತಮ್ಮ ವಾಸನೆ ಅವಳತ್ತ ಹೋಗದ ಹಾಗೆ ಪಂಪ್‌ಸೆಟ್ ಮನೆಯ ಗೋಡೆಯ ಹಿಂದೆ ಕೂರುತ್ತಿದ್ದರು. ಹತ್ತು ಮಾರು ದೂರದಿಂದ ಕೂಗಿಕೊಂಡು ಬರುತ್ತಿದ್ದ ಹೆಂಗಸು ಪಿಸುಗುಟ್ಟಲಿಕ್ಕೆ ಶುರುಮಾಡಿದರು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಸದ್ದು ಹೊರಗೆ ಬಿಡುತ್ತಿರಲಿಲ್ಲ.

ಮಲ್ಲಿಗೆ ಮೊದಮೊದಲು ಬೋಗುಣಿಗೆ ಮೂತಿಯನ್ನೂ ಇಡಲಿಲ್ಲ. ಬೇಲಿಯುದ್ದಕ್ಕೂ ಓಡಾಡಿ ಕೆನೆಯುತ್ತಿದ್ದಳು. ಅವಳ ಒಂದೊಂದು ಕೂಗಿಗೂ ಗೋಡೆಯ ಹಿಂದೆ ತಾಯಮ್ಮ ನೆಲ ಕೆರೆಯುತ್ತಾ ಕೂತಿರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇದೆಂಥ ಶಿಕ್ಷೆ, ನಿಮಗೆ ಉಳಿದಿರುವುದೇ ಸ್ವಲ್ಪ ದಿನ, ಒಟ್ಟಿಗಿದ್ದರೆ ಏನು ನಷ್ಟ ಎಂದು ಒಂದು ದಿನ ಜಗಳವನ್ನೇ ಆಡಿದೆ. ಹಸಿವು ದೊಡ್ಡದು, ಮಲ್ಲಿಗೆ ಮೆಲ್ಲಗೆ ಒಂದು ಹಿಡಿ, ಎರಡು ಹಿಡಿ ತಿನ್ನತೊಡಗಿದಳು.

ಅವಳು ಬೋಗುಣಿ ಪೂರ್ತಿ ಖಾಲಿ ಮಾಡಿದ ಸಂಜೆಯೇ ತಾಯಮ್ಮನವರಿಗೆ ಉಸಿರಾಟ ಕಷ್ಟವಾಯಿತು. ಹಾಸನಕ್ಕೆ ಕರೆದೊಯ್ಯಲು ಅವರ ತಮ್ಮ ಕಾರು ತಂದರು. ನಾನು ಪಂಪ್‌ಸೆಟ್ ಮನೆಯ ಹಿಂದೆ ಹೋಗಿ ಖಾಲಿ ಬೋಗುಣಿ ತೋರಿಸಿದೆ. ತಳವನ್ನು ಬೆರಳಿನಿಂದ ಒಮ್ಮೆ ಒರೆಸಿ ನೋಡಿದರು.

“ಸದ್ಯ” ಎಂದರು. “ಇನ್ನ ನನ್ನ ಗ್ಯಾನ ಬುಡ್ತಾಳೆ.”

ಈಗಲಾದರೂ ಹೋಗಿ ಒಂದು ಸಲ ಮುಟ್ಟಿ ಬನ್ನಿ ಎಂದು ಬೇಡಿಕೊಂಡೆ. ಅವರು ಬೇಲಿಯ ಕಡೆ ನೋಡಿದರು.

“ಬ್ಯಾಡ ಕಣವ್ವ. ಒಂದ್ಸಲ ಮುಟ್ಬುಟ್ರೆ ಎಲ್ಲ ಒಳೇಲಿ ಉಣ್ಸೆಣ್ಣು ಕಿವುಚ್ದಂಗಾಯ್ತದೆ.”

ಕಾರನ್ನು ರಸ್ತೆಯಲ್ಲೇ ನಿಲ್ಲಿಸಿಕೊಂಡಿದ್ದರು. ನನ್ನ ಭುಜ ಹಿಡಿದು, ತೋಟ ಸುತ್ತಿಕೊಂಡು, ಸದ್ದಾಗದ ಹಾಗೆ ನಡೆದರು. ನಮ್ಮ ಕಡೆ ಯಾರೂ ಹೋಗಿ ಬರುತ್ತೇನೆ ಎನ್ನದೆ ಹೊಸಿಲು ದಾಟುವುದಿಲ್ಲ. ತಾಯಮ್ಮ ಒಂದು ಮಾತೂ ಆಡದೆ ಕಾರು ಹತ್ತಿದರು.

ತೋಟದ ಮೂಲೆಯಲ್ಲಿ, ಗಂಡನ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಮಲ್ಲಿಗೆ ಬೆದರುತ್ತಾಳೆ, ತಮಟೆ ಬೇಡ ಎಂದು ಮೊದಲೇ ತಮ್ಮನಿಂದ ಮಾತು ತೆಗೆದುಕೊಂಡಿದ್ದರಂತೆ. ಇದೇನು ಸಾವೋ ಏನೋ ಎಂದು ಕೆಲವರು ಗೊಣಗಿದರು. ಹೆಣ ಬೇಲಿಯ ಆಚೆ ಬದಿಯಿಂದ ಹೋಗುವಾಗ ನಾನು ಮಲ್ಲಿಗೆಯ ಹತ್ತಿರ ನಿಂತಿದ್ದೆ. ಅದು ಅವಳ ಹುರುಳಿಯ ಹೊತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಅವಳ ಒಂದು ಕಿವಿ ಬೇಲಿಯ ಕಡೆಗೆ ತಿರುಗಿತು. ಕಿವಿ ಮತ್ತೆ ಮುಂದಕ್ಕೆ ಬಂತು, ಅವಳು ನನ್ನ ಅಂಗೈಯಿಂದ ಹುರುಳಿ ತಿನ್ನುತ್ತಲೇ ಇದ್ದಳು.

ತಾಯಮ್ಮ ಬಯಸಿದ್ದು ಅದನ್ನೇ. ಆದರೂ ಒಂದೇ ಒಂದು ಗಳಿಗೆ ಅವಳು ತಿನ್ನುವುದನ್ನು ನಿಲ್ಲಿಸಿದ್ದರೆ ಎಂದು ನನಗೆ ಅನ್ನಿಸಿತು. ಅವಳು ನಿಲ್ಲಿಸಲಿಲ್ಲ. ಬೋಗುಣಿ ಖಾಲಿಯಾಗುವವರೆಗೂ ನಾನು ಅಳು ನುಂಗಿಕೊಂಡು, ಸದ್ದು ಮಾಡದೆ ಅಲ್ಲೇ ನಿಂತಿದ್ದೆ.